ಕಾಗದದ ಕುದುರೆ, ರಸ್ತೆಯ ಕುದುರೆ

ಅಮೆರಿಕದ ಹಳೆಯ ಮಸಲ್ ಕಾರುಗಳಲ್ಲಿ ಅತಿ ಬಲಶಾಲಿ ಎಂಜಿನ್ ಯಾವುದು ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ ಕಾರಿಗೆ ಕೂರಿಸಿದ್ದ ಎಲ್‌ಎಸ್6, 454 ಘನ ಇಂಚು, 450 ಅಶ್ವಶಕ್ತಿ. ಕಂಪನಿಗಳು ಅಚ್ಚು ಹಾಕಿಸಿ ಷೋರೂಮುಗಳಲ್ಲಿ ಹಂಚಿದ ಕೈಪಿಡಿಗಳನ್ನೇ ನಂಬುವುದಾದರೆ ಆ ಉತ್ತರ ಸರಿ. ಈ ವರ್ಗದ ಕಾರುಗಳಿಗೆ ಅದಕ್ಕಿಂತ ದೊಡ್ಡ ಅಂಕಿಯನ್ನು ಆ ಕಾಲದಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ತೊಡಕಿರುವುದು ಆ ಕೈಪಿಡಿಗಳಲ್ಲೇ. 1964ರಿಂದ 1971ರವರೆಗೆ ಡೆಟ್ರಾಯಿಟ್ ಪ್ರಕಟಿಸಿದ ಅಶ್ವಶಕ್ತಿಯ ಅಂಕಿಗಳನ್ನು ಎಂಜಿನಿಯರುಗಳಷ್ಟೇ ನಿರ್ಧರಿಸುತ್ತಿರಲಿಲ್ಲ. ವಿಮಾ ಕಂಪನಿಗಳ ಅಂಜಿಕೆ, ರೇಸಿನ ವರ್ಗೀಕರಣ, ಒಂದೇ ಕಂಪನಿಯ ಎರಡು ವಿಭಾಗಗಳ ನಡುವಿನ ಪೈಪೋಟಿ, ಇವೆಲ್ಲ ಸೇರಿ ಒಂದು ಅಂಕಿ ಹುಟ್ಟುತ್ತಿತ್ತು. 430 ಎಂದು ಬರೆದ ಎಂಜಿನ್ ನಿಜದಲ್ಲಿ 450 ಎಂದು ಬರೆದದ್ದಕ್ಕಿಂತ ಬಲವಾಗಿರುತ್ತಿತ್ತು. 360 ಎಂದು ಬರೆದದ್ದು 425ರ ಬೆನ್ನು ಬಿಡುತ್ತಿರಲಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಳ್ಳುವವರು ಕೈಪಿಡಿಯನ್ನು ಮಡಚಿಟ್ಟು ಎರಡು ಸಂಗತಿ ನೋಡಬೇಕು: ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತಿತ್ತು, ಕಾರು ಕಾಲು ಮೈಲಿ ಓಡಿ ಮುಗಿಸುವಾಗ ಎಷ್ಟು ವೇಗದಲ್ಲಿತ್ತು.

ಕಥೆ ಶುರುವಾಗುವುದೇ ಒಂದು ನಿಯಮ ತಪ್ಪಿಸುವ ಉಪಾಯದಿಂದ. 1963ರ ಆರಂಭದಲ್ಲಿ ಜನರಲ್ ಮೋಟರ್ಸ್ ಶೆವ್ರೊಲೆ, ಪಾಂಟಿಯಾಕ್ ಮೊದಲಾದ ತನ್ನ ವಿಭಾಗಗಳಿಗೆಲ್ಲ ರೇಸಿನಿಂದ ದೂರ ಇರಬೇಕೆಂದು ಕಟ್ಟಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದೆಂಬ ನಿಯಮವೂ ಅಲ್ಲಿತ್ತು. ಪಾಂಟಿಯಾಕ್ ವಿಭಾಗದಲ್ಲಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರು ಆ ನಿಯಮದಲ್ಲಿ ಒಂದು ಸಂದು ಕಂಡುಕೊಂಡರು. ಹೊಸ ಮಾದರಿ ಎಂದು ಹೇಳಿದರೆ ತಾನೇ ಮೇಲಿನವರ ಒಪ್ಪಿಗೆ ಬೇಕು? ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಬೇಕಿದ್ದವರು ಹಣ ಕೊಟ್ಟು ಹಾಕಿಸಿಕೊಳ್ಳುವ ಐಚ್ಛಿಕ ಸಲಕರಣೆ ಎಂದು ತೋರಿಸಿ 389 ಘನ ಇಂಚಿನ ಎಂಜಿನ್ ಒಳಗೆ ಇಳಿಸಿದರು. 1964ರ ಆ ಕಾರೇ ಜಿಟಿಓ. ಸಾಮಾನ್ಯ ರೂಪದಲ್ಲಿ 325 ಅಶ್ವಶಕ್ತಿ, ಮೂರು ಕಾರ್ಬ್ಯುರೇಟರ್ ಇದ್ದದ್ದಕ್ಕೆ 348. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಕಾರು ಮಾರಾಟವಾದವು. ನಡುಗಾತ್ರದ ಎರಡು ಬಾಗಿಲಿನ ಕಾರು, ಅದರೊಳಗೆ ದೊಡ್ಡ ಕಾರಿನ ಎಂಜಿನ್, ಸಂಬಳದ ಹುಡುಗನ ಕೈಗೆಟುಕುವ ಬೆಲೆ: ಮುಂದೆ ಬಂದವರೆಲ್ಲ ಹಿಡಿದದ್ದು ಇದೇ ಜಾಡು.

ಪತ್ರಿಕೆಗಳ ಪರೀಕ್ಷಾ ವರದಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೂ ಇದೇ ಕಾರು ಸಾಕ್ಷಿ. 1964ರಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆ ಪರೀಕ್ಷಿಸಿದ ಜಿಟಿಓ ಎಲ್ಲರ ಹುಬ್ಬೇರಿಸುವಂತೆ ಓಡಿತು. ಪಾಂಟಿಯಾಕ್‌ನ ಪ್ರಚಾರದ ಹಿಂದಿದ್ದ ಜಿಮ್ ವಾಂಗರ್ಸ್, ಆ ಕಾರಿನಲ್ಲಿ 389ರ ಬದಲು 421 ಘನ ಇಂಚಿನ ಎಂಜಿನ್ ಇತ್ತೆಂದು ಬಹಳ ವರ್ಷಗಳ ನಂತರ ಒಪ್ಪಿಕೊಂಡರು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ.

ಘನ ಇಂಚಿನ ಲೆಕ್ಕ ನಮ್ಮ ಓದುಗರಿಗೆ ಥಟ್ಟನೆ ಅಂದಾಜಿಗೆ ಸಿಗಲಿಕ್ಕಿಲ್ಲ. ಕ್ರೈಸ್ಲರ್‌ನ 426 ಘನ ಇಂಚಿನ ಎಂಜಿನ್ ಎಂದರೆ ಸುಮಾರು 7 ಲೀಟರ್. ಅದರ ಎಂಟು ಸಿಲಿಂಡರುಗಳಲ್ಲಿ ಒಂದೊಂದೂ ಸುಮಾರು 870 ಸಿಸಿ. ನಮ್ಮಲ್ಲಿ ಒಂದಿಡೀ ಸಂಸಾರವನ್ನು ಹೊತ್ತು ಊರೂರು ಸುತ್ತಿದ ಮಾರುತಿ 800ರ ಪೂರ್ತಿ ಎಂಜಿನ್ 796 ಸಿಸಿ.

ಆ 426 ಎಂಜಿನ್ನೇ ಹೆಮಿ. ಈ ಇಡೀ ಚರ್ಚೆಯಲ್ಲಿ ಅದರ ಬಳಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಶ್ವಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಎಂಜಿನ್ ಇನ್ನೊಂದಿಲ್ಲ. ಆ ಕಾಲದ ಸಾಮಾನ್ಯ ವಿ8ಗಳಲ್ಲಿ ಗಾಳಿ ಒಳಬರುವ ವಾಲ್ವ್, ಹೊಗೆ ಹೊರಹೋಗುವ ವಾಲ್ವ್ ಎರಡೂ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಇರುತ್ತಿದ್ದವು. ಒಂದನ್ನು ದೊಡ್ಡದು ಮಾಡಿದರೆ ಇನ್ನೊಂದಕ್ಕೆ ಜಾಗ ಸಾಲದು. ಹೆಮಿಯಲ್ಲಿ ದಹನಕೋಣೆಯ ಮೇಲ್ಚಾವಣಿ ಅರ್ಧಗೋಲದಂತೆ ಬಾಗಿದೆ. ಎರಡು ವಾಲ್ವ್‌ಗಳು ಆ ಗುಮ್ಮಟದ ಎದುರುಬದುರು ಇಳಿಜಾರಿನಲ್ಲಿ ಕುಳಿತಿವೆ. ಹೀಗಾಗಿ ಒಳಬರುವ ವಾಲ್ವ್‌ನ ವ್ಯಾಸ 2.25 ಇಂಚಿನವರೆಗೂ ಹೋಯಿತು, ಹೊರಹೋಗುವುದರದ್ದು 1.94 ಇಂಚು. ಗಾಳಿ ಒಂದು ಬದಿಯಿಂದ ನುಗ್ಗಿ ಇನ್ನೊಂದು ಬದಿಯಿಂದ ಹೊರಟುಹೋಗುತ್ತದೆ, ನಡುವೆ ಸೊಟ್ಟ ತಿರುವುಗಳಿಲ್ಲ. ನೆತ್ತಿಯ ಹತ್ತಿರ ಸ್ಪಾರ್ಕ್ ಪ್ಲಗ್. ಬಾನೆಟ್ ಎತ್ತಿದರೆ ಹೆಮಿಯನ್ನು ಗುರುತಿಸುವುದು ಸುಲಭ: ಎರಡೂ ಬದಿಯಲ್ಲಿ ಹಲಗೆಯಷ್ಟು ಅಗಲದ ಮುಚ್ಚಳ, ಅದರ ನಡುಮಧ್ಯದಲ್ಲೇ ತೂತು ಹೊಕ್ಕು ಇಳಿಯುವ ಪ್ಲಗ್ಗಿನ ವೈರುಗಳು.

ಅರ್ಧಗೋಲದ ಕೋಣೆ ಕ್ರೈಸ್ಲರ್‌ಗೆ ಹೊಸತಾಗಿರಲಿಲ್ಲ. 1951ರ ಫೈರ್‌ಪವರ್ ಎಂಜಿನ್ನಿನಲ್ಲೇ ಅದು ಇತ್ತು. ಕಂಪನಿಯ ಎಂಜಿನಿಯರ್ ಟಾಮ್ ಹೂವರ್ ಮತ್ತು ಅವರ ತಂಡ ಅದೇ ತತ್ವವನ್ನು ದೊಡ್ಡ ಎಂಜಿನ್ನಿಗೆ ಹೊಂದಿಸಿ, 1964ರ ಫೆಬ್ರವರಿಯ ಡೇಟೋನಾ 500 ರೇಸಿಗೆ ಸಿದ್ಧಪಡಿಸಿದರು. ಚಾಲಕ ರಿಚರ್ಡ್ ಪೆಟ್ಟಿ ಗೆದ್ದರು. ಮೊದಲ ಮೂರು ಸ್ಥಾನವೂ ಹೆಮಿ ಹೊತ್ತ, ಕ್ರೈಸ್ಲರ್ ಬಳಗದ ಪ್ಲಿಮತ್ ಕಾರುಗಳ ಪಾಲಾದವು. ಜನ ಕೊಳ್ಳಲಾಗದ ಎಂಜಿನ್ನನ್ನು ರೇಸಿಗೆ ತರುವಂತಿಲ್ಲ ಎಂದು ಆ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆ ಮರುವರ್ಷ ಅದನ್ನು ಹೊರಗಿಟ್ಟಿತು. ಕ್ರೈಸ್ಲರ್ ಸಿಟ್ಟಿನಿಂದ ಹಿಂದೆ ಸರಿಯಿತು. ಪೆಟ್ಟಿ ನೇರ ದಾರಿಯ ಕಾಲು ಮೈಲಿ ಓಟವಾದ ಡ್ರ್ಯಾಗ್ ರೇಸಿಗೆ ಹೋದರು. ಆ ಜಗಳದ ಫಲವೇ 1966ರ ಸ್ಟ್ರೀಟ್ ಹೆಮಿ. ನಾಲ್ಕು ಬಾಯಿಯ ಎರಡು ಕಾರ್ಟರ್ ಕಾರ್ಬ್ಯುರೇಟರ್, ಗಾಳಿ-ಪೆಟ್ರೋಲ್ ಮಿಶ್ರಣವನ್ನು 10.25ಕ್ಕೆ 1ರಷ್ಟು ಅದುಮುವ ಕಂಪ್ರೆಷನ್, 5000 ಸುತ್ತಿನಲ್ಲಿ 425 ಅಶ್ವಶಕ್ತಿ, 4000 ಸುತ್ತಿನಲ್ಲಿ 490 ಪೌಂಡ್-ಅಡಿ ಟಾರ್ಕ್. ಇದಕ್ಕಾಗಿ ಕೊಳ್ಳುವವರು ಸುಮಾರು 900 ಡಾಲರ್ ಹೆಚ್ಚಿಗೆ ತೆರಬೇಕಿತ್ತು. ಇಡೀ ಕಾರೇ ಮೂರು ಸಾವಿರ ಡಾಲರಿನ ಆಸುಪಾಸಿದ್ದ ಕಾಲ ಅದು. ಹೀಗಾಗಿ 1971ರವರೆಗೆ ಮಾರಾಟವಾದದ್ದು ಹತ್ತು ಸಾವಿರದ ಅಂದಾಜಿನಲ್ಲಿ ಮಾತ್ರ. ಎರಡು ಕಾರ್ಬ್ಯುರೇಟರನ್ನು ಒಂದಕ್ಕೊಂದು ಹೊಂದಿಸುವುದು, ಊರೊಳಗಿನ ನಿಧಾನದ ಓಡಾಟಕ್ಕೆ ಮಸಿ ಹಿಡಿಯುವ ಪ್ಲಗ್ಗುಗಳು, ಮೂತಿಯ ಮೇಲೆ ಬೀಳುವ ಭಾರ, ಇವನ್ನೆಲ್ಲ ಸಹಿಸಿಕೊಂಡವರಿಗಷ್ಟೇ ಅದು ಒಲಿಯುತ್ತಿತ್ತು.

ಆ 425ರ ಅಂಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಫೋರ್ಡ್‌ನ 427ಕ್ಕೂ 425, ಶೆವ್ರೊಲೆಯ 409ಕ್ಕೂ 425, ಹೆಮಿಗೂ 425. ಮೂರು ಬೇರೆ ಬೇರೆ ಕಂಪನಿಗಳ ಮೂರು ಬೇರೆ ಎಂಜಿನ್ನುಗಳು ಕರಾರುವಾಕ್ಕಾಗಿ ಒಂದೇ ಅಂಕಿಗೆ ಬಂದು ನಿಲ್ಲುವುದು ಅಳತೆಯಿಂದ ಆಗುವ ಕೆಲಸವಲ್ಲ. ಶೆವ್ರೊಲೆಯದೇ ಸ್ಪೋರ್ಟ್ಸ್ ಕಾರಾದ 1966ರ ಕಾರ್ವೆಟ್‌ಗೆ ಬಂದ ಎಲ್72 ಎಂಜಿನ್ನಿನ ವಿಷಯ ಇದನ್ನು ಇನ್ನೂ ಬಿಚ್ಚಿಡುತ್ತದೆ. ಮೊದಮೊದಲು ಅದಕ್ಕೆ 450 ಅಶ್ವಶಕ್ತಿ ಎಂದು ಬರೆದರು. ಕೆಲವೇ ದಿನಗಳಲ್ಲಿ ಅದು 425 ಆಯಿತು. ಎಂಜಿನ್ ಅದೇ, ಒಂದು ಬೋಲ್ಟೂ ಬದಲಾಗಿರಲಿಲ್ಲ.

ಏಕೆ ಹೀಗೆ ತಗ್ಗಿಸಿ ಬರೆಯುತ್ತಿದ್ದರು? ಕಾರಿನ ತೂಕಕ್ಕೂ ಅಶ್ವಶಕ್ತಿಗೂ ಇರುವ ಅನುಪಾತ ನೋಡಿ ವಿಮಾ ಕಂಪನಿಗಳು ಕಂತನ್ನು ಏರಿಸತೊಡಗಿದ್ದವು. ಇಪ್ಪತ್ತೆರಡರ ಹುಡುಗನಿಗೆ ಕಾರಿನ ಸಾಲದ ಕಂತಿಗಿಂತ ವಿಮೆಯೇ ಹೊರೆಯಾಗುತ್ತಿತ್ತು. ಎನ್‌ಎಚ್‌ಆರ್‌ಎ ಸಂಸ್ಥೆಯ ಡ್ರ್ಯಾಗ್ ರೇಸುಗಳಲ್ಲಿ ಕಾರುಗಳ ವರ್ಗ ನಿರ್ಧಾರವಾಗುತ್ತಿದ್ದುದೂ ತೂಕ ಮತ್ತು ಪ್ರಕಟಿತ ಅಶ್ವಶಕ್ತಿಯ ಮೇಲೆ. ಕಡಿಮೆ ಬರೆದವರಿಗೆ ಸುಲಭದ ಎದುರಾಳಿ ಸಿಗುತ್ತಿದ್ದರು. ಆ ಸಂಸ್ಥೆ ಮುಂದೆ ತಾನೇ ಹಲವು ಎಂಜಿನ್ನುಗಳಿಗೆ ಬೇರೆ ಅಂಕಿ ನಿಗದಿ ಮಾಡಿತು. ಕಂಪನಿಗಳ ಮಾತಿಗೆ ಬೆಲೆ ಎಷ್ಟಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಜನರಲ್ ಮೋಟರ್ಸ್‌ನೊಳಗೆ ಇನ್ನೊಂದು ಕಟ್ಟಳೆ ಇತ್ತು: ಕಾರ್ವೆಟ್ ಬಿಟ್ಟು ಉಳಿದ ಯಾವ ಕಾರಿಗೂ ಹತ್ತು ಪೌಂಡ್ ತೂಕಕ್ಕೆ ಒಂದು ಅಶ್ವಶಕ್ತಿಗಿಂತ ಹೆಚ್ಚು ಇರಬಾರದು. 1967ರ ಪಾಂಟಿಯಾಕ್ ಫೈರ್‌ಬರ್ಡ್ 400ರಲ್ಲಿ ಇದ್ದದ್ದು ಜಿಟಿಓದ 400 ಎಂಜಿನ್ನೇ. ಆದರೆ ಫೈರ್‌ಬರ್ಡ್ ಹಗುರ. ಅದಕ್ಕಾಗಿ ಕಾರ್ಬ್ಯುರೇಟರಿನ ಹಿಂದಿನ ಬಾಯಿಗಳು ಪೂರ್ತಿ ತೆರೆಯದಂತೆ ಸಣ್ಣದೊಂದು ಲೋಹದ ಪಟ್ಟಿಯನ್ನು ಅಡ್ಡವಿಟ್ಟು 325 ಅಶ್ವಶಕ್ತಿ ಎಂದು ಬರೆದರು. ಆ ಪಟ್ಟಿಯನ್ನು ಇಕ್ಕಳದಿಂದ ಅತ್ತ ಬಗ್ಗಿಸಿದರೆ ಕಾರು ತನ್ನ ನಿಜವಾದ ಶಕ್ತಿಗೆ ಬರುತ್ತಿತ್ತು. ಕೊಂಡವರಿಗೆ ಇದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಈ ತಗ್ಗಿಸುವಿಕೆಯ ತುತ್ತತುದಿ ಎಲ್88. ಕಾರ್ವೆಟ್‌ನ ಎಂಜಿನಿಯರ್ ಝೋರಾ ಅರ್ಕಸ್-ಡಂಟೋವ್ ರೇಸಿಗೆಂದೇ ರೂಪಿಸಿದ ಈ 427ಕ್ಕೆ ಅಲ್ಯೂಮಿನಿಯಂ ಹೆಡ್, 12.5ಕ್ಕೆ 1ರ ಕಂಪ್ರೆಷನ್. ಕೈಪಿಡಿಯಲ್ಲಿ 430 ಅಶ್ವಶಕ್ತಿ. ಅದರ ಪಕ್ಕದಲ್ಲೇ ಇದ್ದ, ರಸ್ತೆಗೆ ಮಾಡಿದ ಎಲ್71ಕ್ಕೆ 435 ಎಂದು ಬರೆದಿತ್ತು. ಅಂಕಿ ನೋಡಿ ಕೊಳ್ಳುವ ಹುಡುಗರು 435ರ ಕಡೆಗೇ ಹೋಗಲಿ ಎಂಬುದೇ ಉದ್ದೇಶ. ಎಲ್88 ಕೊಂಡವರಿಗೆ ರೇಡಿಯೊ ಇಲ್ಲ, 1967ರ ಕಾರುಗಳಲ್ಲಿ ಹೀಟರೂ ಇಲ್ಲ. 103 ಆಕ್ಟೇನ್‌ಗಿಂತ ಕಡಿಮೆಯ ಪೆಟ್ರೋಲ್ ಹಾಕಿದರೆ ಎಂಜಿನ್ ಕೆಡುತ್ತದೆ ಎಂಬ ಎಚ್ಚರಿಕೆಯ ಚೀಟಿ ಕಾರಿನೊಳಗೇ ಅಂಟಿಸಿತ್ತು. ಅದರ ನಿಜವಾದ ಶಕ್ತಿ 500 ದಾಟಿತ್ತೆಂಬುದರಲ್ಲಿ ಬಲ್ಲವರಿಗೆ ಅನುಮಾನವಿಲ್ಲ. 1967ರಲ್ಲಿ 20, 68ರಲ್ಲಿ 80, 69ರಲ್ಲಿ 116 ಕಾರುಗಳು ಹೊರಬಂದವು. ಕಾರ್ವೆಟ್ ಸ್ಪೋರ್ಟ್ಸ್ ಕಾರು, ಅದನ್ನು ಮಸಲ್ ಕಾರುಗಳ ಸಾಲಿಗೆ ಸೇರಿಸಬಾರದು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಅವರ ವಾದ ಸರಿ. ಆದರೆ ಅದೇ ಎಂಜಿನ್ನಿನ ತಮ್ಮನೊಬ್ಬ ಶೆವ್ರೊಲೆಯ ಮಸಲ್ ಕಾರು ಕಮಾರೊದಲ್ಲಿ ಬಂದದ್ದರಿಂದ ಆ ತಕರಾರಿಗೆ ಇಲ್ಲಿ ಎಡೆಯಿಲ್ಲ.

ಆ ತಮ್ಮನೇ ಝೆಡ್‌ಎಲ್1. ಎಲ್88ರಲ್ಲಿ ಹೆಡ್ ಮಾತ್ರ ಅಲ್ಯೂಮಿನಿಯಂ; ಇದರಲ್ಲಿ ಸಿಲಿಂಡರ್ ಬ್ಲಾಕೂ ಅಲ್ಯೂಮಿನಿಯಂ. ಏಳು ಲೀಟರಿನ ಈ ಎಂಜಿನ್ನಿನ ತೂಕ ಶೆವ್ರೊಲೆಯ ಸಣ್ಣ ವಿ8ನ ಮಟ್ಟಕ್ಕೆ ಇಳಿಯಿತು. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಶೆವ್ರೊಲೆ ವ್ಯಾಪಾರಿ ಫ್ರೆಡ್ ಗಿಬ್, ಕಂಪನಿಯ ವಿಶೇಷ ಬೇಡಿಕೆಯ ಕೋಪೋ ವ್ಯವಸ್ಥೆಯ ಮೂಲಕ 1969ರ ಕಮಾರೊಗಳಲ್ಲಿ ಈ ಎಂಜಿನ್ ಇಟ್ಟು ಐವತ್ತು ಕಾರು ಕಳಿಸಿ ಎಂದು ಬರೆದರು. ಡ್ರ್ಯಾಗ್ ರೇಸಿನ ನಿಯಮಕ್ಕೆ ಅಷ್ಟು ಕಾರು ಬೇಕಿತ್ತು. ಕಾರುಗಳು ಬಂದವು, ಜೊತೆಗೆ ಬಿಲ್ಲೂ ಬಂತು. ಎಂಜಿನ್ನೊಂದಕ್ಕೇ 4,000 ಡಾಲರಿಗೂ ಮೇಲೆ, ಕಾರೊಂದಕ್ಕೆ 7,000 ಡಾಲರಿಗೂ ಮೇಲೆ. ಆ ಬೆಲೆಗೆ ಕೊಳ್ಳುವವರು ಎಲ್ಲಿದ್ದಾರೆ? ಹೆಚ್ಚಿನ ಕಾರುಗಳನ್ನು ಕಂಪನಿ ವಾಪಸು ಪಡೆದು ಬೇರೆ ಊರುಗಳ ವ್ಯಾಪಾರಿಗಳಿಗೆ ಹಂಚಬೇಕಾಯಿತು. ಒಟ್ಟು ತಯಾರಾದದ್ದು 69 ಕಮಾರೊ ಮತ್ತು ಎರಡು ಕಾರ್ವೆಟ್. ಕೈಪಿಡಿಯ ಪ್ರಕಾರ ಇದಕ್ಕೂ 430 ಅಶ್ವಶಕ್ತಿಯೇ. ಕಾರ್ಖಾನೆಯ ಬಾಗಿಲಿನಿಂದ ನಂಬರ್ ಪ್ಲೇಟ್ ಹಾಕಿಸಿಕೊಂಡು ಹೊರಬರಬಲ್ಲ ಮಸಲ್ ಕಾರುಗಳಲ್ಲಿ ನಿಜಕ್ಕೂ ಅತಿ ಬಲಶಾಲಿ ಎಂಜಿನ್ ಯಾವುದೆಂದು ಒತ್ತಾಯಿಸಿ ಕೇಳಿದರೆ ನಾನು ಹೇಳುವ ಹೆಸರು ಇದೇ.

ಫೋರ್ಡ್‌ನ ಕಡೆಗೆ ಬಂದರೆ ಒಂದು ದೊಡ್ಡ ಕೊರಗಿದೆ. ಹೆಮಿಗೆ ಉತ್ತರವಾಗಿ ಫೋರ್ಡ್ ತನ್ನ 427ಕ್ಕೆ ಪ್ರತಿ ಹೆಡ್ಡಿನ ಮೇಲೂ ಒಂದೊಂದು ಕ್ಯಾಮ್‌ಶಾಫ್ಟ್ ಇಟ್ಟ ಎಂಜಿನ್ ಮಾಡಿತು. ರೇಸಿನವರು ಅದನ್ನು ಕ್ಯಾಮರ್ ಎಂದೇ ಕರೆದರು. ಕ್ಯಾಮ್‌ಶಾಫ್ಟ್ ತಿರುಗಿಸಲು ಆರು ಅಡಿಗೂ ಉದ್ದದ ಚೈನು. ಒಂದೇ ಕಾರ್ಬ್ಯುರೇಟರಿನಲ್ಲಿ 616 ಅಶ್ವಶಕ್ತಿ, ಎರಡಿದ್ದರೆ 657. ನ್ಯಾಸ್ಕಾರ್ ಅದಕ್ಕೆ ಬಾಗಿಲು ತೆರೆಯಲಿಲ್ಲ. ಫೋರ್ಡ್ ಅದನ್ನು ಷೋರೂಮಿನ ಯಾವ ಕಾರಿನಲ್ಲೂ ಕೂರಿಸಲಿಲ್ಲ. ಬಿಡಿ ಎಂಜಿನ್ನಾಗಿ ಮಾರಿತು. ಹಾಗಾಗಿ ಈ ಪ್ರಶ್ನೆಯ ಉತ್ತರವಾಗುವ ಅರ್ಹತೆ ಅದಕ್ಕಿಲ್ಲ.

ಬದಲಿಗೆ ಜನರ ಕೈಗೆ ಸಿಕ್ಕಿದ್ದು 1969ರ ಬಾಸ್ 429 ಮಸ್ಟಾಂಗ್. ರೇಸಿನಲ್ಲಿ ಓಡುತ್ತಿದ್ದ ಕಾರು ಟೊರಿನೊ, ಎಂಜಿನ್ ಮಾತ್ರ ಮಸ್ಟಾಂಗ್‌ನಲ್ಲಿ ಮಾರಾಟ! ಐನೂರು ಎಂಜಿನ್ ಮಾರಾಟವಾದರೆ ಸಾಕು, ಯಾವ ಕಾರಿನಲ್ಲಿ ಎಂದು ನ್ಯಾಸ್ಕಾರ್ ನಿಯಮ ಕೇಳಲಿಲ್ಲ. ಮಸ್ಟಾಂಗ್‌ನ ಎಂಜಿನ್ ಗೂಡಿಗೆ ಆ ಅಗಲದ ಎಂಜಿನ್ ಹಿಡಿಸುವುದೇ ಇಲ್ಲ. ಮಿಷಿಗನ್ನಿನ ಬ್ರೈಟನ್‌ನಲ್ಲಿದ್ದ ಕಾರ್ ಕ್ರಾಫ್ಟ್ ಸಂಸ್ಥೆಯ ಕೆಲಸಗಾರರು ಮುಂಭಾಗದ ಸಸ್ಪೆನ್ಷನ್ ಹೊರುವ ಗೋಪುರಗಳನ್ನೇ ಬದಲಿಸಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, ಕೈಯಾರೆ ಒಂದೊಂದಾಗಿ ಕೂರಿಸಿದರು. ಅಷ್ಟು ಮಾಡಿಯೂ ಕೈಪಿಡಿಯಲ್ಲಿ 375 ಅಶ್ವಶಕ್ತಿ. ಹೆಡ್ಡಿನೊಳಗೆ ಗಾಳಿಯ ಹಾದಿಗಳು ವಿಶಾಲವಾಗಿದ್ದವು. ರಸ್ತೆಯ ಕಾರಿಗೆಂದು ಕೊಟ್ಟ ಕಾರ್ಬ್ಯುರೇಟರ್ ಸಣ್ಣದು, ಕ್ಯಾಮ್ ಸೌಮ್ಯ. ಉಸಿರು ದೊಡ್ಡದಿದ್ದೂ ಮೂಗು ಕಟ್ಟಿದ ಸ್ಥಿತಿ ಅದರದ್ದು. ಕಾಗದದ ಮೇಲೆ ಸಾಧಾರಣವಾಗಿ ಕಂಡ 428 ಕೋಬ್ರಾ ಜೆಟ್ಟೇ ಬೀದಿಯಲ್ಲಿ ಫೋರ್ಡ್‌ನ ಮಾನ ಉಳಿಸಿತು. ರೋಡ್ ಐಲೆಂಡ್‌ನ ವ್ಯಾಪಾರಿ ಬಾಬ್ ಟಾಸ್ಕಾ ತಮ್ಮ ಗ್ಯಾರೇಜಿನಲ್ಲಿ ಕಂಪನಿಯದೇ ಬಿಡಿಭಾಗಗಳನ್ನು ಒಟ್ಟುಗೂಡಿಸಿ ತೋರಿಸಿದ ದಾರಿಯಿಂದ ಅದು ಹುಟ್ಟಿತು. 335 ಅಶ್ವಶಕ್ತಿ ಎಂದು ಬರೆದಿದ್ದ ಆ ಎಂಜಿನ್ 1968ರಲ್ಲಿ ಪೊಮೋನಾದ ಡ್ರ್ಯಾಗ್ ರೇಸಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಸೂಪರ್ ಸ್ಟಾಕ್ ವರ್ಗ ಗೆದ್ದಿತು.

1970ಕ್ಕೆ ಜನರಲ್ ಮೋಟರ್ಸ್ ನಡುಗಾತ್ರದ ಕಾರುಗಳ ಮೇಲಿದ್ದ, ಅಷ್ಟರಲ್ಲಿ 330ರಿಂದ 400 ಘನ ಇಂಚಿಗೆ ಏರಿದ್ದ ಮಿತಿಯನ್ನೂ ಕೈಬಿಟ್ಟಿತು. ಆ ವರ್ಷವೇ ಎಲ್‌ಎಸ್6. 11.25ಕ್ಕೆ 1ರ ಕಂಪ್ರೆಷನ್, ಹಾಲಿ ಕಂಪನಿಯ ಒಂದೇ ದೊಡ್ಡ ಕಾರ್ಬ್ಯುರೇಟರ್, 5600 ಸುತ್ತಿನಲ್ಲಿ 450 ಅಶ್ವಶಕ್ತಿ, 3600 ಸುತ್ತಿನಲ್ಲಿ 500 ಪೌಂಡ್-ಅಡಿ. ಹೆಮಿಗಿಂತ ಅಗ್ಗ, ಹೆಮಿಗಿಂತ ಸರಳ, 4,000ಕ್ಕೂ ಹೆಚ್ಚು ತಯಾರಾದವು. ಓಲ್ಡ್ಸ್‌ಮೊಬೈಲ್ 442ರ ಡಬ್ಲ್ಯೂ-30, ಕ್ರೈಸ್ಲರ್‌ನ ಮೂರು ಕಾರ್ಬ್ಯುರೇಟರಿನ 440, ಪಾಂಟಿಯಾಕ್‌ನ ರಾಮ್ ಏರ್ 4, ಇವೆಲ್ಲ ಒಳ್ಳೆಯ ಎಂಜಿನ್ನುಗಳೇ. ಆದರೆ ಮೊದಲ ಸ್ಥಾನದ ಮಾತು ಬಂದಾಗ ಅವು ಒಂದು ಹೆಜ್ಜೆ ಹಿಂದೆ.

ಬ್ಯೂಕ್ ಹಾಗಲ್ಲ. ವೈದ್ಯರು, ಬ್ಯಾಂಕಿನವರು ಓಡಿಸುವ ಕಾರೆಂದು ಹೆಸರಾಗಿದ್ದ ಬ್ಯೂಕ್ 1970ರಲ್ಲಿ ಜಿಎಸ್ 455 ಸ್ಟೇಜ್ 1 ಹೊರತಂದಿತು. ಕೈಪಿಡಿಯಲ್ಲಿ 4600 ಸುತ್ತಿಗೆ 360 ಅಶ್ವಶಕ್ತಿ. ಟಾರ್ಕ್ ಮಾತ್ರ 2800 ಸುತ್ತಿನಲ್ಲೇ 510 ಪೌಂಡ್-ಅಡಿ, ಹೆಮಿಗಿಂತಲೂ ಎಲ್‌ಎಸ್6ಗಿಂತಲೂ ಹೆಚ್ಚು. ಸಿಗ್ನಲ್ ಹಸಿರಾದ ಕೂಡಲೇ ಬೆನ್ನಿಗೆ ತಟ್ಟುವುದು ಈ ಟಾರ್ಕ್. ಮೋಟರ್ ಟ್ರೆಂಡ್ ಪತ್ರಿಕೆಯ ಪರೀಕ್ಷೆಯಲ್ಲಿ ಈ ಕಾರು ಕಾಲು ಮೈಲಿಯನ್ನು 13.38 ಸೆಕೆಂಡಿನಲ್ಲಿ ಮುಗಿಸಿತು, ಗೆರೆ ದಾಟುವಾಗಿನ ವೇಗ ಗಂಟೆಗೆ 105.5 ಮೈಲಿ.

ಈ ವೇಗದಿಂದ ಶಕ್ತಿಯನ್ನು ಲೆಕ್ಕ ಹಾಕಬಹುದು. ಸೆಕೆಂಡಿನ ಅಂಕಿ ಟೈರು, ಚಾಲಕನ ಕೈಚಳಕ, ರಸ್ತೆಯ ಹಿಡಿತ ಎಲ್ಲದರ ಮೇಲೆ ನಿಂತಿದೆ. ಕೊನೆಯ ವೇಗ ಬಹುಮಟ್ಟಿಗೆ ತೂಕ ಮತ್ತು ಶಕ್ತಿಯ ಮೇಲೆ ಮಾತ್ರ. ರೇಸಿನವರು ಬಳಸುವ ಹಳೆಯ ಸೂತ್ರವೊಂದಿದೆ: ಗಂಟೆಗೆ ಎಷ್ಟು ಮೈಲಿ ಎಂಬುದನ್ನು 234ರಿಂದ ಭಾಗಿಸಿ, ಬಂದದ್ದರ ಘನವನ್ನು ಪೌಂಡಿನಲ್ಲಿರುವ ತೂಕದಿಂದ ಗುಣಿಸಬೇಕು. ಚಾಲಕನೂ ಸೇರಿ ಬ್ಯೂಕ್ 4000 ಪೌಂಡ್ ಎಂದು ಹಿಡಿದರೆ ಬರುವ ಉತ್ತರ ಸುಮಾರು 365. ನೋಡಲು 360ಕ್ಕೆ ಸರಿಹೊಂದುವಂತಿದೆ. ಆದರೆ ಈ 365 ಕಾರಿನೊಳಗೆ ಕೂತು, ಸೈಲೆನ್ಸರು, ಫ್ಯಾನು, ಆಲ್ಟರ್ನೇಟರನ್ನೆಲ್ಲ ಹೊತ್ತುಕೊಂಡು ಎಂಜಿನ್ ಕೊಟ್ಟ ಶಕ್ತಿ. ಕೈಪಿಡಿಯ 360 ಅಂಥದ್ದಲ್ಲ.

ಆ ಕಾಲದ ಅಳತೆಯ ಕ್ರಮವೇ ಬೇರೆ. ಎಂಜಿನ್ನನ್ನು ಕಾರಿನಿಂದ ಹೊರಗೆ, ಪರೀಕ್ಷೆಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಗಾಳಿಯ ಫಿಲ್ಟರ್ ಇಲ್ಲ, ಸೈಲೆನ್ಸರ್ ಇಲ್ಲ, ಎಂಜಿನ್ನಿನಿಂದ ಶಕ್ತಿ ಕಸಿಯುವ ಫ್ಯಾನು, ಆಲ್ಟರ್ನೇಟರ್ ಇಲ್ಲ. ಸ್ಪಾರ್ಕಿನ ಸಮಯವನ್ನು ಬೇಕಾದಂತೆ ಹೊಂದಿಸಿಕೊಂಡು ಬಂದ ಅಂಕಿಯೇ ಗ್ರಾಸ್ ಅಶ್ವಶಕ್ತಿ. 1971ರಲ್ಲಿ ಎರಡೂ ಬಗೆಯ ಅಂಕಿಗಳು ಅಕ್ಕಪಕ್ಕ ಪ್ರಕಟವಾದಾಗ ವ್ಯತ್ಯಾಸ ಬಯಲಾಯಿತು: ಕಾರ್ವೆಟ್‌ನ ಎಲ್‌ಎಸ್6 ಗ್ರಾಸ್ ಲೆಕ್ಕದಲ್ಲಿ 425, ಈ ಸಲಕರಣೆಗಳನ್ನೆಲ್ಲ ಜೋಡಿಸಿ ಅಳೆಯುವ ನೆಟ್ ಲೆಕ್ಕದಲ್ಲಿ 325, ಹೆಮಿ 425ರಿಂದ 350ಕ್ಕೆ. ಈಗ ಬ್ಯೂಕ್‌ನ 365ನ್ನು ಹೆಮಿಯ 350ರ ಪಕ್ಕದಲ್ಲಿಟ್ಟು ನೋಡಿ. ಪತ್ರಿಕೆಗೆ ಕಳಿಸಿದ ಕಾರು ಚೆನ್ನಾಗಿ ಪಳಗಿಸಿದ್ದಿರಬಹುದು ಎಂದು ಒಂದಿಷ್ಟು ಕಳೆದರೂ, 65 ಅಶ್ವಶಕ್ತಿಯ ಅಂತರವೆಂದು ಕೈಪಿಡಿ ಹೇಳಿದ ಎರಡು ಎಂಜಿನ್ನುಗಳು ರಸ್ತೆಯಲ್ಲಿ ಹೆಗಲೆಣೆಯಾಗಿದ್ದವು. ಹೆಚ್ಚು ಸುತ್ತಿನಲ್ಲಿ, ಹೆಚ್ಚು ಹೊತ್ತು ಓಡಿಸುವಲ್ಲಿ ಹೆಮಿಯೇ ಮೇಲು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವವರಿಗೆ ನಾನು ಬ್ಯೂಕ್ ಎನ್ನುತ್ತೇನೆ. ದಿನಬಳಕೆಗೂ ಒಗ್ಗಿ, ಎರಡೂ ಗುಣವನ್ನು ಒಂದೇ ಕಡೆ ಕೊಟ್ಟದ್ದು ಎಲ್‌ಎಸ್6. ಅಚ್ಚಾದ ಅಂಕಿ ಒಮ್ಮೊಮ್ಮೆ ಸರಿಯಾದ ಕಡೆಗೂ ಬೆರಳು ತೋರಿಸುತ್ತದೆ.

ಈ ಎಂಜಿನ್ನುಗಳ ಕಂಪ್ರೆಷನ್ ಅಷ್ಟು ಎತ್ತರಕ್ಕೆ ಹೋಗಲು ಸಾಧ್ಯವಾದದ್ದು ಪೆಟ್ರೋಲಿಗೆ ಬೆರೆಸುತ್ತಿದ್ದ ಟೆಟ್ರಾಈಥೈಲ್ ಸೀಸದಿಂದ. ಸುನೊಕೊ 260ರಂಥ ಇಂಧನ ಬಂಕಿನಲ್ಲೇ ಸಿಗುತ್ತಿತ್ತು. ಆ ಸೀಸ ಹೊಗೆಯಲ್ಲಿ ಹೊರಬಂದು ಮಕ್ಕಳ ರಕ್ತ ಸೇರಿತು. ಈ ಎಂಜಿನ್ನುಗಳನ್ನು ಮೆಚ್ಚುವವರು ಅದನ್ನು ಮರೆಯಬಾರದು, ನಾನು ಮರೆಯಲಾರೆ. 1970ರ ಕೊನೆಯ ದಿನ ಸಹಿಯಾದ ಶುದ್ಧ ಗಾಳಿ ಕಾಯ್ದೆ 1975ರ ಹೊತ್ತಿಗೆ ಹೊಗೆಯ ವಿಷವನ್ನು ಶೇಕಡಾ 90ರಷ್ಟು ಇಳಿಸಬೇಕೆಂದಿತು. ಜನರಲ್ ಮೋಟರ್ಸ್ 1971ರ ಮಾದರಿಗಳಿಂದಲೇ ಕಂಪ್ರೆಷನ್ ಇಳಿಸಿ ಕಡಿಮೆ ಆಕ್ಟೇನ್ ಪೆಟ್ರೋಲಿಗೆ ಒಗ್ಗಿಸಿತು. 1972ರಲ್ಲಿ ಎಲ್ಲ ಕಂಪನಿಗಳೂ ನೆಟ್ ಅಂಕಿಗೆ ಬಂದವು. 1973ರ ಅಕ್ಟೋಬರಿನಲ್ಲಿ ತೈಲ ನಿರ್ಬಂಧ, 1974ರ ಜನವರಿಯಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ.

ಹೀಗಿದ್ದೂ ಪಾಂಟಿಯಾಕ್‌ನ ಎಂಜಿನಿಯರುಗಳು ಕೈಕಟ್ಟಿ ಕೂರಲಿಲ್ಲ. 1973ರಲ್ಲಿ 8.4ಕ್ಕೆ 1ರ ಕಂಪ್ರೆಷನ್ನಿನಲ್ಲೇ ಓಡುವ 455 ಸೂಪರ್ ಡ್ಯೂಟಿ ಹೊರತಂದರು. ಗಟ್ಟಿ ಬ್ಲಾಕು, ಕುಲುಮೆಯಲ್ಲಿ ಬಡಿದು ಮಾಡಿದ ಕನೆಕ್ಟಿಂಗ್ ರಾಡು, ದುಂಡನೆಯ ಅಗಲ ಹಾದಿಗಳ ಹೆಡ್ಡು: ಸೀಸ ಮತ್ತು ಕಂಪ್ರೆಷನ್ ಕೊಡುತ್ತಿದ್ದುದನ್ನು ಗಾಳಿಯ ಹಾದಿಯಿಂದ ಗಳಿಸುವ ಪ್ರಯತ್ನ ಅದು. ಮೊದಲು 310 ಎಂದು ಘೋಷಿಸಿ, ಹೊಗೆಯ ನಿಯಮಕ್ಕಾಗಿ ಕ್ಯಾಮ್‌ಶಾಫ್ಟನ್ನು ಸೌಮ್ಯಗೊಳಿಸಿ 290 ನೆಟ್ ಅಶ್ವಶಕ್ತಿಗೆ ನಿಲ್ಲಿಸಿದರು. ಎರಡು ವರ್ಷಗಳಲ್ಲಿ ಸಾವಿರದ ಮುನ್ನೂರರಷ್ಟು ಫೈರ್‌ಬರ್ಡ್‌ಗಳು ಅದನ್ನು ಹೊತ್ತವು. 1975ರ ಟ್ರಾನ್ಸ್ ಆಮ್ ಕಾರು ಕ್ಯಾಟಲಿಟಿಕ್ ಕನ್ವರ್ಟರಿನೊಂದಿಗೆ ಷೋರೂಮಿಗೆ ಬಂದಾಗ ಅದರ ಕೈಪಿಡಿಯಲ್ಲಿದ್ದ ಅಂಕಿ 185.